ಮೆರವಣಿಗೆಗೆ ಬೇಕು, ವೇದಿಕೆಗೆ ಬೇಡ

ಯೂನಿಯನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಊರಿನ ಮಧ್ಯಮ ವರ್ಗದ ಮನೆಗಳಲ್ಲಿ ಮೂಗು ಮುರಿಯುವವರೇ ಹೆಚ್ಚು. ಬ್ಯಾಂಕು ಮುಚ್ಚಿದರೆ ಯೂನಿಯನ್ನು, ಬಸ್ಸು ನಿಂತರೆ ಯೂನಿಯನ್ನು, ಗುಮಾಸ್ತ ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಎದ್ದುಹೋದರೆ ಅದಕ್ಕೂ ಯೂನಿಯನ್ನೇ ಕಾರಣ. ಹೀಗೆ ಶಾಪ ಹಾಕುವವರೇ ತುಟ್ಟಿಭತ್ಯೆ ಏರಿತೇ ಎಂದು ಪೇಪರು ತಿರುವುತ್ತಾರೆ. ಅದು ಯಾರ ಹೋರಾಟದಿಂದ ಬಂತು ಎಂದು ಕೇಳುವ ವ್ಯವಧಾನ ಅವರಿಗಿಲ್ಲ. ಇನ್ನೊಂದು ಕಡೆ, ಸಂಘದ ಬಗ್ಗೆ ಅರ್ಧ ಮಾತು ಆಡಿದರೂ ‘ನೀವು ಮಾಲೀಕರ ಕಡೆಯವರೋ?’ ಎಂದು ಕಣ್ಣು ಕೆಂಪು ಮಾಡುವ ಕಾರ್ಯಕರ್ತರಿದ್ದಾರೆ. ಇಪ್ಪತ್ತೆಂಟು ವರ್ಷ ಒಂದು ಕಛೇರಿಯಲ್ಲಿ ದುಡಿದು, ಅಷ್ಟೂ ವರ್ಷ ತಪ್ಪದೆ ಚಂದಾ ಕಟ್ಟಿದವಳು ನಾನು. ಸಂಘ ಬೇಕೇ ಬೇಕು ಎನ್ನುವವಳು. ಆದರೆ ಹೆಂಗಸರ ವಿಷಯದಲ್ಲಿ ನಮ್ಮ ಸಂಘಗಳು ನಡೆದುಕೊಂಡ ರೀತಿಯ ಬಗ್ಗೆ ಲೆಕ್ಕ ಕೇಳುವ ಹಕ್ಕೂ ನನಗಿದೆ ಎಂದುಕೊಂಡಿದ್ದೇನೆ.

ಮೊದಲು ಋಣದ ಲೆಕ್ಕ ನೋಡೋಣ.

ನಮ್ಮ ಕರಾವಳಿಯ ಬೀಡಿ ಕಟ್ಟುವ ಹೆಂಗಸರನ್ನು ನೀವು ನೋಡಿರಬಹುದು. ಜಗಲಿಯಲ್ಲಿ ಕೂತು, ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ನೂಲು ಸುತ್ತಿ ಸಾವಿರ ಬೀಡಿ ಮುಗಿಸುವ ಹೊತ್ತಿಗೆ ಬೆನ್ನು ಬಿಲ್ಲಾಗಿರುತ್ತದೆ. ಅದನ್ನು ಬ್ರಾಂಚಿಗೆ ಒಯ್ದರೆ ಕಂಟ್ರಾಕ್ಟರ ಕಟ್ಟು ಬಿಡಿಸಿ ನೋಡಿ, ಸರಿಯಿಲ್ಲ ಎಂದು ತೋರಿದ್ದನ್ನು ಬದಿಗೆ ಹಾಕುತ್ತಾನೆ. ಬದಿಗೆ ಹಾಕಿದ್ದಕ್ಕೆ ಕೂಲಿಯಿಲ್ಲ. ಒಬ್ಬಳೇ ನಿಂತವಳು ಏನು ವಾದ ಮಾಡಿಯಾಳು? ನಾಳೆ ಎಲೆ ಕೊಡುವವನೂ ಅವನೇ. ಮನೆಯಲ್ಲಿ ಕೂತು ಕಟ್ಟುವವಳು ತಮ್ಮ ಕಾರ್ಮಿಕಳೇ ಅಲ್ಲ ಎಂಬುದು ಬೀಡಿ ಮಾಲೀಕರ ಬಹುಕಾಲದ ವಾದವಾಗಿತ್ತು. 1966ರಲ್ಲಿ ಬೀಡಿ ಕಾರ್ಮಿಕರಿಗೆಂದೇ ಒಂದು ಕಾನೂನು ಬಂತು. 1977ರಲ್ಲಿ ಭವಿಷ್ಯನಿಧಿ ಈ ಉದ್ಯಮಕ್ಕೂ ಅನ್ವಯವಾದಾಗ ಮಾಲೀಕರು ಕೋರ್ಟು ಹತ್ತಿದರು. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ, ಅವರಿಗೂ ಪಿ.ಎಫ್. ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1985ರಲ್ಲಿ. ಕಾನೂನಿನ ಪುಸ್ತಕದಲ್ಲಿದ್ದ ಈ ಮಾತನ್ನು ಹೆಂಗಸಿನ ಕೈಗೆ ತಲುಪಿಸಲು ಅರ್ಜಿ ಬರೆದುಕೊಟ್ಟು, ಪಿ.ಎಫ್. ಕಛೇರಿಯ ಮೆಟ್ಟಿಲು ಸವೆಸಿದವರು ಬೀಡಿ ಯೂನಿಯನ್ನಿನ ಜನ. ಆ ಹಣದಲ್ಲಿ ಮಗಳ ಮದುವೆ ಮಾಡಿದವರು, ಸೋಗೆ ತೆಗೆದು ಹೆಂಚು ಹೊದಿಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಸಂಘ ಕಟ್ಟುವ ಹಕ್ಕೂ ಯಾರೋ ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. 1918ರಲ್ಲಿ ಮದರಾಸಿನಲ್ಲಿ ಬಿ.ಪಿ. ವಾಡಿಯಾ ಮುಂತಾದವರು ಗಿರಣಿ ಕಾರ್ಮಿಕರ ಸಂಘ ಕಟ್ಟಿದಾಗ ಕಂಪನಿಯವರು ಮುಖಂಡರ ಮೇಲೆ ನಷ್ಟ ಪರಿಹಾರದ ದಾವೆ ಹೂಡಿ, ಕೋರ್ಟಿನಿಂದ ಅವರ ಕೈ ಕಟ್ಟಿಹಾಕಿಸಿದರು. ಇಂಥ ದಾವೆಗಳಿಂದ ಸಂಘಗಳಿಗೆ ರಕ್ಷಣೆ ಕೊಟ್ಟದ್ದು 1926ರ ಕಾನೂನು. ಏಳು ಜನ ಸೇರಿ ಅರ್ಜಿ ಹಾಕಿದರೆ ಸಂಘ ನೋಂದಾಯಿಸಬಹುದು ಎಂದು ಅದು ಹೇಳಿತು. ಒಬ್ಬಳ ಮಾತು ಗೊಣಗಾಟ. ಏಳು ಜನರ ಮಾತು ಬೇಡಿಕೆ. ಸಂಘದ ಬೆಲೆ ಇರುವುದು ಇಲ್ಲಿ.

ಇನ್ನು ಬಾಕಿಯ ಲೆಕ್ಕ.

ನಾನಿದ್ದ ಕಛೇರಿಯಲ್ಲಿ ನಾವು ಹನ್ನೊಂದು ಮಂದಿ ಹೆಂಗಸರಿದ್ದೆವು. ನಮಗೊಂದು ಶೌಚಾಲಯ ಬೇಕಾಗಿತ್ತು. ಇದ್ದದ್ದು ಗಂಡಸರದ್ದೇ ಒಂದು, ಅದಕ್ಕೆ ಒಳಗಿನ ಚಿಲಕವೂ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಇರುವುದನ್ನು ನಾವೆಲ್ಲ ಅಭ್ಯಾಸ ಮಾಡಿಕೊಂಡಿದ್ದೆವು. ಸಂಘಕ್ಕೆ ಹೇಳಿದೆವು, ಬೇಡಿಕೆಗಳ ಪಟ್ಟಿಯಲ್ಲಿ ಸೇರಿಸಿದರು. ಹದಿನೇಳನೆಯದು! ಮೊದಲನೆಯದು ಸಂಬಳ, ಎರಡನೆಯದು ಭತ್ಯೆ, ಮೂರನೆಯದು ಬಡ್ತಿ. ಆಡಳಿತ ವರ್ಗದವರೊಡನೆ ಮಾತುಕತೆಗೆ ಕೂತವರು ನಾಲ್ಕು ಗೆದ್ದು ಬಂದರು, ಮಿಠಾಯಿ ಹಂಚಿದರು. ಹದಿನೇಳು ಏನಾಯಿತು ಎಂದು ಕೇಳಿದೆ. ‘ಮೇಡಂ, ಕೊಟ್ಟು ತೆಗೆದುಕೊಳ್ಳುವ ವ್ಯವಹಾರವಲ್ಲವೇ, ಕೆಲವನ್ನು ಬಿಟ್ಟುಕೊಡಬೇಕಾಗುತ್ತದೆ’ ಎಂದರು ಕಾರ್ಯದರ್ಶಿಗಳು. ಆ ಹೊತ್ತಿಗೆ ನನಗೆ ಪಟ್ಟಿಯ ಗುಟ್ಟು ತಿಳಿಯಿತು. ಗೆಲ್ಲಬೇಕೆಂದು ಬರೆಯುವ ಬೇಡಿಕೆಗಳು ಕೆಲವು, ಬಿಟ್ಟುಕೊಡುವುದಕ್ಕೆಂದೇ ಬರೆಯುವವು ಕೆಲವು. ಹೆಂಗಸರ ಬೇಡಿಕೆಗಳಿಗೆ ಜಾಗ ಸಿಗುತ್ತಿದ್ದದ್ದು ಎರಡನೆಯ ಗುಂಪಿನಲ್ಲಿ.

‘ನೀವು ಸಭೆಗೇ ಬರುವುದಿಲ್ಲವಲ್ಲ’ ಎಂಬುದು ಅವರ ಇನ್ನೊಂದು ಮಾತು. ಸಭೆ ಇಡುತ್ತಿದ್ದದ್ದು ಸಂಜೆ ಆರೂವರೆಗೆ. ನಮ್ಮ ಕೊನೆಯ ಬಸ್ಸು ಏಳಕ್ಕೆ. ಮನೆಯಲ್ಲಿ ಮಕ್ಕಳು, ಮಾವನವರ ಔಷಧಿ, ರಾತ್ರಿಯ ಅಡುಗೆ. ‘ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಡಿ ಸಾರ್, ಎಲ್ಲರೂ ಬರುತ್ತೇವೆ’ ಎಂದೆ. ನಕ್ಕರು. ಆದರೆ ಮೆರವಣಿಗೆಯ ದಿನ ಮಾತ್ರ ನಮ್ಮನ್ನು ಮರೆಯುತ್ತಿರಲಿಲ್ಲ. ಬ್ಯಾನರು ಹಿಡಿದು ಮುಂದೆ ನಡೆಯಲು ಹೆಂಗಸರು ಬೇಕು, ಫೋಟೋ ಚೆನ್ನಾಗಿ ಬರುತ್ತದೆ, ಪೊಲೀಸರು ಲಾಠಿ ಎತ್ತಲು ಒಂದು ಕ್ಷಣ ಯೋಚಿಸುತ್ತಾರೆ. ಭಾಷಣದ ಹೊತ್ತಿಗೆ ವೇದಿಕೆಯ ಮೇಲೆ ನೋಡಿದರೆ ಹೂಮಾಲೆ ಹಾಕಲು ಹೋದವಳು ಬಿಟ್ಟರೆ ಬೇರೆ ಹೆಂಗಸಿಲ್ಲ.

ಇದು ಒಂದು ಸಣ್ಣ ಊರಿನ ಒಂದು ಕಛೇರಿಯ ಪಾಡು ಎನ್ನಬೇಡಿ. ಹೆಸರಾಂತ ಸಂಘಗಳ ಕಥೆಯೂ ಬೇರೆಯಲ್ಲ. ಅಹಮದಾಬಾದಿನ ಮಜೂರ್ ಮಹಾಜನ ಸಂಘ 1920ರಲ್ಲಿ ಹುಟ್ಟಿದ್ದೇ ಒಬ್ಬ ಹೆಂಗಸಿನ ಮುಂದಾಳುತನದಲ್ಲಿ. ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿಯವರ ಅಕ್ಕ ಅನಸೂಯಾ ಸಾರಾಭಾಯಿ 1918ರ ಮುಷ್ಕರದಲ್ಲಿ ಗಾಂಧೀಜಿಯವರ ಜೊತೆ ಕಾರ್ಮಿಕರ ಪರ ನಿಂತರು, ಸ್ವಂತ ತಮ್ಮನ ಎದುರಿಗೇ. ಅಂಥ ಸಂಘದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್, ತಲೆಹೊರೆ ಹೊರುವ, ಹಳೆಬಟ್ಟೆ ಮಾರುವ ಹೆಂಗಸರಿಗಾಗಿ 1972ರಲ್ಲಿ ‘ಸೇವಾ’ ಎಂಬ ಸಂಘ ಕಟ್ಟಲು ಹೊರಟಾಗ ನೋಂದಣಿ ಕಛೇರಿಯವರು ಅಡ್ಡಿ ಹೇಳಿದರು: ಇವರಿಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಸಂಘ? ಸಂಘ ಇರುವುದು ಯಾರದೋ ವಿರುದ್ಧವಾಗಿ ಮಾತ್ರವಲ್ಲ, ತಾವು ಒಂದಾಗಲಿಕ್ಕೆ ಎಂದು ವಾದಿಸಿ ಅವರು ನೋಂದಣಿ ಪಡೆದರು. ಮುಂದೆ 1981ರಲ್ಲಿ ಗುಜರಾತಿನಲ್ಲಿ ಮೀಸಲಾತಿ ವಿರೋಧಿ ಗಲಭೆ ಎದ್ದಾಗ ಸೇವಾ ದಲಿತರ ಪರ ಮಾತಾಡಿತು. ತಾಯಿ ಸಂಘ ಅದನ್ನು ಹೊರಗೆ ಹಾಕಿತು. ಹೆಂಗಸರು ಮನೆಗೆಲಸದ ಹಾಗೆ ಸಂಘದ ಕೆಲಸ ಮಾಡಿಕೊಂಡಿದ್ದಷ್ಟು ದಿನ ಸರಿ, ಸ್ವಂತ ನಿಲುವು ತಳೆದ ದಿನ ಬಾಗಿಲು ತೋರಿಸುವುದು. ಅತ್ತೆಮನೆಯ ನ್ಯಾಯಕ್ಕೂ ಇದಕ್ಕೂ ಏನು ವ್ಯತ್ಯಾಸ?

ಈಚಿನ ಎರಡು ಸಂಗತಿಗಳಂತೂ ಸಂಘದ ಮುಖಂಡರೆಲ್ಲ ಕನ್ನಡಿಯ ಹಾಗೆ ನೋಡಿಕೊಳ್ಳಬೇಕಾದವು.

2015ರ ಸೆಪ್ಟೆಂಬರಿನಲ್ಲಿ ಕೇರಳದ ಮುನ್ನಾರಿನ ಚಹಾ ತೋಟಗಳಲ್ಲಿ ಬೋನಸ್ಸನ್ನು ಶೇಕಡಾ 20ರಿಂದ 10ಕ್ಕೆ ಇಳಿಸಿದರು. ಸೊಪ್ಪು ಕೊಯ್ಯುವವರು ಬಹುಪಾಲು ತಮಿಳು ಹೆಂಗಸರು, ಆಗ ಅವರ ದಿನಗೂಲಿ 232 ರೂಪಾಯಿ. ತೋಟದಲ್ಲಿ ಯೂನಿಯನ್ನುಗಳಿಗೆ ಕೊರತೆಯಿರಲಿಲ್ಲ, ಎಲ್ಲ ಬಣ್ಣದ ಬಾವುಟಗಳೂ ಇದ್ದವು. ಆ ಹೆಂಗಸರು ಬಾವುಟಗಳನ್ನೆಲ್ಲ ಬದಿಗೆ ಸರಿಸಿ ಸಾವಿರಾರು ಸಂಖ್ಯೆಯಲ್ಲಿ ರಸ್ತೆಯಲ್ಲಿ ಕೂತರು. ಮಾತಾಡಲು ಬಂದ ಮುಖಂಡರನ್ನು ಹತ್ತಿರ ಸೇರಿಸಲಿಲ್ಲ. ನಮ್ಮ ಚಂದಾದಲ್ಲಿ ಬದುಕಿ ಕಂಪನಿಯಿಂದಲೂ ಅನುಕೂಲ ಪಡೆದವರು ಇವರು ಎಂಬುದು ಅವರ ಆರೋಪ. ಒಂಬತ್ತು ದಿನದ ಧರಣಿಯ ನಂತರ ಬೋನಸ್ಸು ಮತ್ತು ವಿಶೇಷ ಮೊತ್ತ ಸೇರಿ ಶೇಕಡಾ 20 ಸಿಕ್ಕಿತು, ಮುಂದಿನ ತಿಂಗಳ ಮಾತುಕತೆಯಲ್ಲಿ ಕೂಲಿ 301ಕ್ಕೆ ಏರಿತು. ತಮ್ಮ ಒಕ್ಕೂಟವನ್ನು ಅವರು ಪೊಂಬಿಳೈ ಒರುಮೈ ಎಂದು ಕರೆದುಕೊಂಡರು. ಹೆಂಗಸರ ಒಗ್ಗಟ್ಟು ಎಂದರ್ಥ.

ಮರು ವರ್ಷ ಬೆಂಗಳೂರು. ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು 2016ರ ಫೆಬ್ರುವರಿಯಲ್ಲಿ ಕೇಂದ್ರ ಹೊಸ ನಿಯಮ ತಂದಿತ್ತು. ಗಾರ್ಮೆಂಟ್ಸಿನಲ್ಲಿ ಮೆಶಿನ್ನಿನ ಮುಂದೆ 58 ವರ್ಷದವರೆಗೆ ಕೂರುವವಳು ಯಾರು? ಕಣ್ಣು, ಬೆನ್ನು ಸೋತು ನಲವತ್ತಕ್ಕೇ ಮನೆ ಸೇರುತ್ತಾರೆ. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಮಗನ ಕಾಲೇಜು ಫೀಸು, ಮನೆಯ ಭೋಗ್ಯದ ಹಣ, ಬಡ್ಡಿ ಸಾಲದ ತೀರುವಳಿ. ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ಪೀಣ್ಯದ ಕಡೆ ಹೆಂಗಸರು ಕಾರ್ಖಾನೆ ಬಿಟ್ಟು ಹೆದ್ದಾರಿಗೆ ಇಳಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಲಕ್ಷಾಂತರ ಹೆಂಗಸರು ದುಡಿಯುವ ಉದ್ಯಮದಲ್ಲಿ ಸಂಘಗಳ ಸದಸ್ಯರ ಸಂಖ್ಯೆ ಬಹಳ ಸಣ್ಣದು. 19ರಂದೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಇಷ್ಟು ಓದಿದ ಮೇಲೆ ‘ಹಾಗಾದರೆ ಸಂಘವೇ ಬೇಡ, ಹೆಂಗಸರು ರಸ್ತೆಗಿಳಿದರೆ ಸಾಕಲ್ಲ’ ಎಂದು ನಿಮಗೆ ಅನ್ನಿಸೀತು. ನಾನು ಅದನ್ನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಎರಡನೆಯ ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಬಳಿ ಹಿಂಸಾಚಾರವಾಯಿತು, ಲಾಠಿ, ಅಶ್ರುವಾಯು, ಬಂಧನ ಎಲ್ಲವೂ ನಡೆದವು. ಗುಂಪನ್ನು ತಡೆದು ನಿಲ್ಲಿಸಲು, ಠಾಣೆಗೆ ಹೋದವರ ಹೆಸರು ಬರೆದಿಟ್ಟುಕೊಂಡು ಜಾಮೀನಿಗೆ ಓಡಾಡಲು, ಊರು ತುಂಬ ಬೇರುಬಿಟ್ಟ ಸಂಘಟನೆ ಬೇಕಾಗಿತ್ತು. ಪಿ.ಎಫ್. ನಿಯಮ ಹೋಯಿತು, ನಿಜ. ಮರುದಿನ ಕಾರ್ಖಾನೆಯೊಳಗೆ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟೂ ಸೂಪರ್‌ವೈಸರನ ಬೈಗುಳವೂ ಇದ್ದ ಹಾಗೇ ಇದ್ದವು. ಮುನ್ನಾರಿನ ಹೆಂಗಸರು ಆ ನವೆಂಬರಿನ ಸ್ಥಳೀಯ ಚುನಾವಣೆಯಲ್ಲಿ ಕೆಲವು ಸ್ಥಾನ ಗೆದ್ದರೂ, ಆಮೇಲೆ ಒಳಗೇ ಒಡಕು ಬಂದು ಬಲ ಕುಂದಿತು. ಸಿಟ್ಟು ಒಂದು ಬೋನಸ್ಸನ್ನು ತಂದೀತು. ಪ್ರತಿ ತಿಂಗಳ ಸಂಬಳದ ಚೀಟಿ ನೋಡಿ, ಕಡಿತದ ಲೆಕ್ಕ ಕೇಳಿ, ಲೇಬರ್ ಆಫೀಸಿನಲ್ಲಿ ಫೈಲು ಎಲ್ಲಿದೆ ಎಂದು ಹುಡುಕುವ ಬೇಸರದ ಕೆಲಸ ಸಿಟ್ಟಿನಿಂದ ಆಗುವುದಿಲ್ಲ. ಅದಕ್ಕೆ ಸಂಘವೇ ಬೇಕು.

ಹಾಗೆಂದು ಒಬ್ಬ ಮುಖಂಡನ ಹೆಗಲ ಮೇಲೆ ಎಲ್ಲವನ್ನೂ ಹೊರಿಸಿದರೆ ಏನಾಗುತ್ತದೆಂಬುದಕ್ಕೆ ಮುಂಬಯಿ ಸಾಕ್ಷಿ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಹೂಡಿದ್ದು ಗೊತ್ತು, ಮುಗಿದದ್ದು ಯಾವಾಗ ಎಂದು ಹೇಳುವಂತಿಲ್ಲ, ಏಕೆಂದರೆ ಅದನ್ನು ಯಾರೂ ಅಧಿಕೃತವಾಗಿ ಮುಗಿಸಲೇ ಇಲ್ಲ. ಸಾವಿರಾರು ಜನ ಕೆಲಸ ಕಳೆದುಕೊಂಡರು. ಸಂಬಳವಿಲ್ಲದ ಮನೆಯಲ್ಲಿ ಒಲೆ ಹೊತ್ತಿಸಬೇಕಾದವಳು ಹೆಂಡತಿ. ಮುಷ್ಕರ ಮುಂದುವರಿಸುವುದೋ ಬಿಡುವುದೋ ಎಂದು ತೀರ್ಮಾನಿಸುವಾಗ ಆ ಒಲೆಯ ಮುಂದಿನವಳನ್ನು ಯಾರಾದರೂ ಕೇಳುತ್ತಾರೆಯೇ? ಅಕ್ಕಿ ಡಬ್ಬಿಯಲ್ಲಿ ಎಷ್ಟು ದಿನದ ಅಕ್ಕಿಯಿದೆ ಎಂದು ಬಲ್ಲವಳು ಅವಳೊಬ್ಬಳೇ.

ಕೊನೆಗೆ ಇವತ್ತಿನ ಮಾತು. 1926ರ ಕಾನೂನಿನ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ, 2025ರ ನವೆಂಬರಿನಿಂದ ಜಾರಿಯಲ್ಲಿದೆ. ಮುಷ್ಕರಕ್ಕೆ 14 ದಿನ ಮೊದಲೇ ನೋಟೀಸು ಕೊಡಬೇಕು. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಶೇಕಡಾ 51 ಕಾರ್ಮಿಕರ ಬೆಂಬಲವಿರುವ ಸಂಘವೇ ಮಾತುಕತೆಗೆ ಅಧಿಕೃತ. ಇದು ಸಂಘಗಳ ಕೈ ಕಟ್ಟುತ್ತದೆ ಎಂದು ಮುಖಂಡರು ದೂರುತ್ತಾರೆ, ಆ ದೂರಿನಲ್ಲಿ ಹುರುಳಿದೆ. ಆದರೆ ಇದೇ ಸಂಹಿತೆಯಲ್ಲಿ ಇನ್ನೊಂದು ಮಾತಿದೆ: ಇಪ್ಪತ್ತು ಜನರಿಗೆ ಕಡಿಮೆಯಿಲ್ಲದ ಕಡೆ ಕುಂದುಕೊರತೆ ಸಮಿತಿ ಇರಬೇಕು, ಕೆಲಸಗಾರರಲ್ಲಿ ಹೆಂಗಸರು ಎಷ್ಟು ಪಾಲಿದ್ದಾರೋ ಸಮಿತಿಯಲ್ಲೂ ಅದಕ್ಕಿಂತ ಕಡಿಮೆ ಇರಕೂಡದು. ಕಾನೂನು ಒತ್ತಾಯ ಮಾಡಿ ಹೇಳಿದ್ದನ್ನು ನಮ್ಮ ಸಂಘಗಳು ತಮ್ಮ ಕಾರ್ಯಕಾರಿ ಸಮಿತಿಗೆ ತಾವಾಗಿಯೇ ಅನ್ವಯಿಸಿಕೊಳ್ಳಬಾರದೇ? ಶೇಕಡಾ 51 ಬೇಕು ಎಂದರೆ ಹೆಂಗಸರನ್ನು ಬಿಟ್ಟು ಎಣಿಸಲು ಸಾಧ್ಯವೇ?

ನಿಮ್ಮಲ್ಲಿ ಕೆಲವರು ಶಾಲೆ, ಬ್ಯಾಂಕು, ಆಸ್ಪತ್ರೆ, ಗಾರ್ಮೆಂಟ್ಸಿನಲ್ಲಿ ದುಡಿಯುವವರಿರಬಹುದು. ಚಂದಾ ಕೇಳಲು ಬಂದವರನ್ನು ಬರಿಗೈಯಲ್ಲಿ ಕಳಿಸಬೇಡಿ. ಆದರೆ ರಸೀದಿ ಹರಿಯುವ ಮೊದಲು ಮೂರು ಪ್ರಶ್ನೆ ಕೇಳಿ. ಸಭೆ ಎಷ್ಟು ಗಂಟೆಗೆ? ನಮ್ಮ ಬೇಡಿಕೆ ಪಟ್ಟಿಯಲ್ಲಿ ಎಷ್ಟನೆಯದು? ಮೇಲಿನವನೊಬ್ಬ ಕೈ ಹಿಡಿದೆಳೆದನೆಂದು ಒಬ್ಬಳು ದೂರು ಕೊಟ್ಟರೆ, ಅವಳೂ ಸದಸ್ಯೆ ಅವನೂ ಸದಸ್ಯ ಆಗಿದ್ದರೆ, ನೀವು ಯಾರ ಪಕ್ಕ ನಿಲ್ಲುತ್ತೀರಿ? ಈ ಮೂರನೆಯ ಪ್ರಶ್ನೆಗೆ ಬಹಳ ಮುಖಂಡರು ತಡವರಿಸುವುದನ್ನು ನಾನು ನೋಡಿದ್ದೇನೆ. ತಡವರಿಸಲಿ. ಉತ್ತರ ಬರುವವರೆಗೆ ಕೇಳುತ್ತಿರಿ, ಚಂದಾ ಕಟ್ಟುತ್ತಲೇ ಕೇಳಿ, ಮುಂದಿನ ಚುನಾವಣೆಯಲ್ಲಿ ನಿಮ್ಮೊಳಗಿನ ಒಬ್ಬಳ ನಾಮಪತ್ರ ಹಾಕಿಸಿ. ಹೊರಗೆ ನಿಂತವಳ ಪ್ರಶ್ನೆಯನ್ನು ಅವರು ನಕ್ಕು ಮರೆಯುತ್ತಾರೆ. ಸಮಿತಿಯಲ್ಲಿ ಕೂತವಳ ಪ್ರಶ್ನೆಯನ್ನು ನಡವಳಿ ಪುಸ್ತಕದಲ್ಲಿ ಬರೆಯಲೇಬೇಕಾಗುತ್ತದೆ.