ಟೋಲ್ ಲೇನಿನ ರೀಡರ್: ಜಾಲ ಸಿಕ್ಕರೆ ಸಾಲದು

ಟೋಲ್ ಲೇನಿನ ಮೇಲಿರುವ ಆರ್‌ಎಫ್‌ಐಡಿ ರೀಡರ್ ಮುಖ್ಯವಾಗಿ ದಾಖಲಿಸುವುದು ಎರಡು ಸಂಗತಿ: ಯಾವ ಟ್ಯಾಗ್ ಬಂತು, ಯಾವಾಗ ಬಂತು. ಮೊದಲನೆಯದನ್ನು ವಾಹನದ ಗಾಜಿಗೆ ಅಂಟಿದ ಫಾಸ್ಟ್ಯಾಗೇ ಹೇಳುತ್ತದೆ. ಎರಡನೆಯದು ರೀಡರಿನ ಗಡಿಯಾರದ ಹೊಣೆ.

ತಂಬ್ರಹಳ್ಳಿ ಕಡೆಯಿಂದ ಕೂಡ್ಲಿಗಿ ಮೂಲಕ ರಾಷ್ಟ್ರೀಯ ಹೆದ್ದಾರಿ 50 ಸೇರಿ ಚಿತ್ರದುರ್ಗಕ್ಕೆ ಹೋಗುವವರಿಗೆ ಈ ಹೊಣೆ ದುಡ್ಡಿನ ವಿಷಯ. 2008ರ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ, 24 ಗಂಟೆಯೊಳಗೆ ಮರಳುವವರಿಗೆ ಹೋಗಿಬರುವ ಶುಲ್ಕ ಒಂದು ಸಲದ ಶುಲ್ಕದ ಒಂದೂವರೆ ಪಟ್ಟು ಮಾತ್ರ. 2025ರ ಫೆಬ್ರವರಿ 17ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ನಿಯಮವಂತೂ ರೀಡರ್ ಓದಿದ ಹೊತ್ತನ್ನೇ ಅಳತೆಗೋಲು ಮಾಡಿದೆ. ಆ ಹೊತ್ತಿಗೆ 60 ನಿಮಿಷಕ್ಕೂ ಮುಂಚಿನಿಂದ ಕಪ್ಪುಪಟ್ಟಿಯಲ್ಲಿದ್ದು, ಓದಿ 10 ನಿಮಿಷವಾದರೂ ಅಲ್ಲೇ ಉಳಿದ ಟ್ಯಾಗಿನ ವಹಿವಾಟು ತಿರಸ್ಕೃತವಾಗುತ್ತದೆ.

ಹೀಗಿದ್ದೂ ರೀಡರ್ ಜೋಡಣೆಯ ರೂಢಿ ಜಾಲದ ಮಟ್ಟದಲ್ಲೇ ನಿಂತುಬಿಡುತ್ತದೆ. ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ತುಂಬಿ, ಪಿಂಗ್‌ಗೆ ಉತ್ತರ ಬಂದರೆ ಕೆಲಸ ಮುಗಿಯಿತೆಂದು ಭಾವಿಸಲಾಗುತ್ತದೆ. ಲೇನಿನ ಕಂಪ್ಯೂಟರ್ ರೀಡರನ್ನು ತಪ್ಪದೆ ಹುಡುಕಬೇಕಾದ್ದರಿಂದ ಬದಲಾಗದ ವಿಳಾಸ ಕೊಡುವುದು ಸರಿಯೇ. ಆದರೆ ತೊಡಕು ಹುಟ್ಟುವುದೂ ಅಲ್ಲೇ. ವಿಳಾಸವನ್ನು ಕೈಯಾರೆ ತುಂಬುವಾಗ ಡಿಎನ್‌ಎಸ್ ಅಂಕಣ ಖಾಲಿ ಬಿಟ್ಟರೂ ಟ್ಯಾಗ್ ಓದು ಸರಾಗವಾಗಿ ನಡೆಯುತ್ತದೆ. ಸಮಯದ ಸರ್ವರನ್ನು ಹೆಸರಿನಿಂದ ಸೂಚಿಸಿದ್ದರೆ ಮಾತ್ರ ರೀಡರಿಗೆ ಅದು ಸಿಗುವುದಿಲ್ಲ. ಸಮಯದ ಸರ್ವರ್ ಬಳಸುವ ಯುಡಿಪಿ 123ನೇ ಪೋರ್ಟ್ ಫೈರ್‌ವಾಲ್‌ನಲ್ಲಿ ಮುಚ್ಚಿದ್ದರೂ ಫಲ ಅದೇ. ಹೀಗೆ ಗಡಿಯಾರದ ದೋಷಕ್ಕೆ ಮೂಲ ಜಾಲದ ಸೆಟ್ಟಿಂಗ್‌ನಲ್ಲೇ ಇರಬಹುದು. ಜಾಲ, ಗಡಿಯಾರ ಎರಡನ್ನೂ ಬೇರೆಬೇರೆ ಕೆಲಸವೆಂದು ಎಣಿಸುವ ರೂಢಿಯ ದೊಡ್ಡ ಕೊರತೆ ಇದು.

ಸಮಯವನ್ನು ಕೈಯಿಂದ ತುಂಬುವುದು ಪರಿಹಾರವಲ್ಲ. ಹತ್ತು ಲಕ್ಷಕ್ಕೆ 20ರಷ್ಟು ತಪ್ಪುವ ಗಡಿಯಾರದ ಹರಳು ದಿನಕ್ಕೆ ಸುಮಾರು 1.7 ಸೆಕೆಂಡ್, ವರ್ಷಕ್ಕೆ 10 ನಿಮಿಷ ಜಾರಬಲ್ಲದು. ಬ್ಯಾಟರಿ ಇಲ್ಲದ ಗಡಿಯಾರವಾದರೆ ಕರೆಂಟ್ ಹೋಗಿ ಬಂದೊಡನೆ ಹಳೆಯ ದಿನಾಂಕಕ್ಕೆ, ಕೆಲವೊಮ್ಮೆ 1970ಕ್ಕೇ, ಮರಳುತ್ತದೆ. ಕರೆಂಟ್ ಕೈಕೊಡುವ ಊರುಗಳಲ್ಲಿ ಇದನ್ನು ಅಪರೂಪವೆಂದು ತಳ್ಳಿಹಾಕುವಂತಿಲ್ಲ.

ಇನ್ನೊಂದು ತಪ್ಪು ಐದೂವರೆ ಗಂಟೆಯದು. ರೀಡರ್ ಭಾರತೀಯ ಸಮಯ ಕಳಿಸಿ, ಸರ್ವರ್ ಅದನ್ನು ಯುಟಿಸಿ (ಜಾಗತಿಕ ಸಮಯ) ಎಂದು ತಿಳಿದರೆ ದಾಖಲೆಯೆಲ್ಲ ಅಷ್ಟೂ ಹೊತ್ತು ಮುಂದಕ್ಕೆ ಸರಿಯುತ್ತದೆ. ರೀಡರಿನಲ್ಲಿ ಯುಟಿಸಿ ಇಟ್ಟು, ತೆರೆಯ ಮೇಲೆ ತೋರಿಸುವಾಗಷ್ಟೇ ಭಾರತೀಯ ಸಮಯಕ್ಕೆ ತರುವುದು ಲೇಸು.

ಸಮಯದ ಮೂಲಕ್ಕೆ ನಮ್ಮಲ್ಲಿ ಬರವಿಲ್ಲ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯದ (ಎನ್‌ಟಿಪಿ) ಸರ್ವರ್‌ಗಳನ್ನು, ಇಲ್ಲವೇ ಅವುಗಳೊಂದಿಗೆ ಹೊಂದಿಸಿದ ಸರ್ವರ್‌ಗಳನ್ನು ಅನುಸರಿಸಲು ಹೇಳಿದೆ. ಪ್ಲಾಜಾದೊಳಗೇ ಅಂಥದೊಂದು ಸರ್ವರ್ ಇಟ್ಟು, ಅದರ ಐಪಿ ವಿಳಾಸವನ್ನೇ ಎಲ್ಲ ರೀಡರುಗಳಿಗೂ ಕೊಟ್ಟರೆ ಹೊರಗಿನ ಜಾಲ ಕಡಿದಾಗಲೂ ಲೇನುಗಳ ಹೊತ್ತು ಒಂದೇ ಆಗಿರುತ್ತದೆ. ಲೇನನ್ನು ಒಪ್ಪಿಸಿಕೊಳ್ಳುವ ಮುನ್ನ ರೀಡರಿನ ವಿದ್ಯುತ್ ಕಡಿದು ಮತ್ತೆ ಕೊಟ್ಟು, ಮೊದಲ ಟ್ಯಾಗ್ ಓದಿನ ಸಮಯವನ್ನು ಸರ್ವರ್ ಗಡಿಯಾರದೊಂದಿಗೆ ತಾಳೆ ನೋಡುವುದು ಕಡ್ಡಾಯವಾಗಬೇಕು.