ಹುಣ್ಣು ಹೊತ್ತ ದೇವರು

ಮೊದಲು ಕಣ್ಣು ಹೋಗುವುದು ಬೆರಳುಗಳತ್ತ. ಮೊಳೆ ಜಡಿದ ಅಂಗೈಗಳಿಂದ ಹತ್ತು ಬೆರಳೂ ಸೆಟೆದು ಆಕಾಶದ ಕಡೆ ನಿಂತಿವೆ. ಮೈಭಾರಕ್ಕೆ ಶಿಲುಬೆಯ ಅಡ್ಡಮರವೇ ಬಾಗಿದೆ. ತಲೆ ಎದೆಯ ಮೇಲೆ ಕುಸಿದಿದೆ, ತುಟಿ ನೀಲಿಗಟ್ಟಿದೆ, ಚರ್ಮಕ್ಕೆ ಹಸುರು ಛಾಯೆ ಏರಿದೆ. ಮೈಯೆಲ್ಲ ಗಾಯ, ಎಷ್ಟೋ ಮುಳ್ಳುಗಳು ಮುರಿದು ಮಾಂಸದಲ್ಲೇ ಉಳಿದುಬಿಟ್ಟಿವೆ. ಒಂದೇ ಮೊಳೆಗೆ ಸಿಕ್ಕ ಎರಡು ಪಾದಗಳು ಊದಿ ತಿರುಚಿಕೊಂಡಿವೆ. ಹಿಂದೆ ಕತ್ತಲೆ. ಯೇಸುವಿನ ಸಾವನ್ನು ಯುರೋಪಿನ ಚಿತ್ರಕಾರರು ಸಾವಿರಾರು ಸಲ ಬರೆದಿದ್ದಾರೆ. ಬಹುಪಾಲು ಚಿತ್ರಗಳಲ್ಲಿ ಅವನು ಸತ್ತ ಮೇಲೂ ಚೆಲುವ. ಇಲ್ಲಿ ಮಾತ್ರ ಸತ್ತವನು ನಿಜವಾಗಿ ಸತ್ತಿದ್ದಾನೆ.

ಇದು ಇಸೆನ್‌ಹೈಮ್‌ನ ಬಲಿಪೀಠದ ಚಿತ್ರಫಲಕ. ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದದ್ದು. ಈಗ ಫ್ರಾನ್ಸಿನ ಕೊಲ್ಮಾರ್ ಪಟ್ಟಣದಲ್ಲಿ, ಒಂದು ಕಾಲಕ್ಕೆ ಸನ್ಯಾಸಿನಿಯರ ಮಠವಾಗಿದ್ದ ಉಂಟರ್‌ಲಿಂಡನ್ ಮ್ಯೂಸಿಯಮ್ಮಿನಲ್ಲಿದೆ. ಗ್ರೂನೆವಾಲ್ಡ್ ಎಂಬುದು 17ನೆಯ ಶತಮಾನದ ಒಬ್ಬ ಲೇಖಕ ತಪ್ಪಾಗಿ ಕೊಟ್ಟ ಹೆಸರು, ಅದೇ ಉಳಿದುಕೊಂಡಿತು. ಇಂಥದನ್ನು ಬರೆದವನ ನಿಜವಾದ ಹೆಸರನ್ನು ಲೋಕ ಶತಮಾನಗಟ್ಟಲೆ ಮರೆತಿತ್ತು ಎನ್ನುವುದು ನನಗೆ ನೋವಿನ ಸಂಗತಿ.

ಫಲಕದ ಮುಂದೆ ನಿಲ್ಲುವ ಮೊದಲು ಅದು ಯಾರಿಗಾಗಿ ಬರೆದದ್ದೆಂದು ತಿಳಿದಿರಬೇಕು. ಕೊಲ್ಮಾರಿನಿಂದ ಸ್ವಲ್ಪ ದೂರದ ಇಸೆನ್‌ಹೈಮ್ ಹಳ್ಳಿಯಲ್ಲಿ ಸಂತ ಅಂತೋಣಿಯ ಹೆಸರಿನ ಸನ್ಯಾಸಿಗಳ ಮಠವಿತ್ತು. ನಮ್ಮವರು ಹರಕೆ ಹೊತ್ತು ಹೋಗುವ ಡೋರ್ನಹಳ್ಳಿಯ ಅಂತೋಣಿ ಪಾದುವಾದವನು. ಈತ ಅವನಿಗಿಂತ ಸುಮಾರು ಸಾವಿರ ವರ್ಷ ಹಿಂದೆ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದವನು. ಮಠಕ್ಕೆ ಸೇರಿದ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ‘ಸಂತ ಅಂತೋಣಿಯ ಬೆಂಕಿ’ ಎಂಬ ರೋಗ ಹಿಡಿದವರು. ಕೈಕಾಲು ಒಳಗಿನಿಂದ ಉರಿಯುತ್ತದೆ, ಸೆಳೆತ ಬರುತ್ತದೆ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಆಮೇಲೆ ಬೆರಳು, ಪಾದ, ಕೈ ಕಪ್ಪಾಗಿ ಒಣಗಿ ಉದುರುತ್ತವೆ. ರೈ ಎಂಬ ಧಾನ್ಯದ ತೆನೆಗೆ ಹಿಡಿಯುವ ಶಿಲೀಂಧ್ರವೇ ಇದಕ್ಕೆ ಕಾರಣ. ನಮ್ಮ ಸಜ್ಜೆ, ಜೋಳದ ತೆನೆಗಳಿಗೂ ಇದೇ ಕುಲದ ಶಿಲೀಂಧ್ರ ತಗಲುವುದುಂಟು. ಅದರ ವಿಷ ರಕ್ತನಾಳಗಳನ್ನು ಬಿಗಿದು ಕೈಕಾಲಿಗೆ ರಕ್ತ ಹೋಗದಂತೆ ಮಾಡುತ್ತದೆ. ಆದರೆ ಆ ಕಾಲದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮಳೆ ಹೆಚ್ಚಾದ ವರ್ಷದ ಕಪ್ಪು ಕಾಳನ್ನು ಬಡವರು ಬೇರೆ ದಾರಿಯಿಲ್ಲದೆ ಹಿಟ್ಟು ಮಾಡಿ ರೊಟ್ಟಿ ಸುಟ್ಟು ತಿಂದರು. ದಿನವೂ ದೇವರನ್ನು ಬೇಡಿ ಪಡೆದ ಅನ್ನವೇ ಅವರನ್ನು ಕೊಂದಿತು. ದೇವರಿದ್ದರೆ ಇದು ಹೇಗಾಯಿತು ಎಂಬ ಪ್ರಶ್ನೆಗೆ ಇದಕ್ಕಿಂತ ಕ್ರೂರವಾದ ರೂಪ ನನಗೆ ತೋಚುವುದಿಲ್ಲ.

ಇಂಥ ರೋಗಿಗಳು ಚಿಕಿತ್ಸೆಗೆ ಮೊದಲು ಈ ಫಲಕದ ಎದುರಿಗೆ ಬರುತ್ತಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ಹಾಗೆ ಬಂದವರು ಕಂಡದ್ದೇನು? ತಮ್ಮದೇ ಹುಣ್ಣು, ತಮ್ಮದೇ ಹಸುರುಗಟ್ಟಿದ ಚರ್ಮ, ಸೆಳೆತಕ್ಕೆ ಸೊಟ್ಟಗಾದ ತಮ್ಮದೇ ಬೆರಳು. ಎಲ್ಲವೂ ದೇವರೆಂದು ನಂಬಿದವನ ಮೈಮೇಲೆ.

ನಮ್ಮ ಕಾವ್ಯಮೀಮಾಂಸೆ ಜುಗುಪ್ಸೆಯನ್ನೂ ಸ್ಥಾಯಿಭಾವಗಳಲ್ಲಿ ಎಣಿಸಿತು, ಬೀಭತ್ಸಕ್ಕೆ ರಸದ ಪದವಿ ಕೊಟ್ಟಿತು. ಆದರೂ ರಣಭೂಮಿಯ ಕರುಳು, ಸ್ಮಶಾನದ ಬೂದಿ ದಾಟಿ ಬೀಭತ್ಸ ಗರ್ಭಗುಡಿಯ ಒಳಗೆ ಬಂದದ್ದು ಅಪರೂಪ. ನಮ್ಮ ಶಿಲ್ಪಿಗಳ ಕೈಯಲ್ಲಿ ದೇವರು ಉಗ್ರನಾಗುತ್ತಾನೆ, ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಾನೆ, ತಾನು ರೋಗಿಯಾಗುವುದಿಲ್ಲ. ಪುರಿಯ ಜಗನ್ನಾಥನಿಗೆ ಜ್ವರ ಬರುವುದುಂಟು ನಿಜ. ಸ್ನಾನಯಾತ್ರೆಯಾದ ಮೇಲೆ ಹದಿನೈದು ದಿನ ಆತ ಹಾಸಿಗೆ ಹಿಡಿಯುತ್ತಾನೆ, ಕಷಾಯ ಕುಡಿಯುತ್ತಾನೆ. ಆ ಕಲ್ಪನೆಯ ವಾತ್ಸಲ್ಯಕ್ಕೆ ನಾನು ಸೋತಿದ್ದೇನೆ. ಆದರೆ ಆ ದಿನಗಳಲ್ಲಿ ಭಕ್ತರಿಗೆ ದರ್ಶನವಿಲ್ಲ. ಹೊಸ ಬಣ್ಣ ಬಳಿದುಕೊಂಡ ಮೇಲೆಯೇ ದೇವರು ಮುಖ ತೋರಿಸುತ್ತಾನೆ. ಇಸೆನ್‌ಹೈಮ್‌ನಲ್ಲಿ ದರ್ಶನ ಸಿಗುವುದು ರೋಗದ ನಟ್ಟನಡುವೆ. ನೋಡಲಾಗದ್ದನ್ನು ನೋಡುತ್ತ ನಿಂತ ಹಾಗೆ ಜುಗುಪ್ಸೆ ಮೆಲ್ಲಗೆ ಕರಗಿ ಕರುಣೆಯಾಗುತ್ತದೆ. ಆಮೇಲೆ ಆ ಕರುಣೆ ಯಾರಿಂದ ಯಾರ ಕಡೆ ಹರಿಯುತ್ತಿದೆ ಎಂದೇ ತಿಳಿಯುವುದಿಲ್ಲ. ರೋಗಿ ದೇವರಿಗಾಗಿ ಮರುಗುತ್ತಿದ್ದಾನೋ, ದೇವರು ರೋಗಿಗಾಗಿಯೋ?

ಶಿಲುಬೆಯ ಬಲಗಡೆ ಸ್ನಾನಿಕ ಯೋಹಾನ ನಿಂತಿದ್ದಾನೆ. ಕಥೆಯ ಪ್ರಕಾರ ಅವನು ಇಲ್ಲಿರುವ ಹಾಗಿಲ್ಲ, ಯೇಸುವಿಗಿಂತ ಮೊದಲೇ ಅವನ ತಲೆ ಕಡಿದಾಗಿತ್ತು. ಆದರೂ ಚಿತ್ರಕಾರ ಅವನನ್ನು ಕರೆತಂದು, ಕೈಗೊಂದು ತೆರೆದ ಪುಸ್ತಕ ಕೊಟ್ಟು ನಿಲ್ಲಿಸಿದ್ದಾನೆ. ಅವನಲ್ಲಿ ಅಳುವಿಲ್ಲ. ಇರಬೇಕಾದ್ದಕ್ಕಿಂತ ಉದ್ದವಾದ ತೋರುಬೆರಳನ್ನು ಚಾಚಿ ಸತ್ತವನನ್ನು ತೋರಿಸುತ್ತಾನೆ, ಅಷ್ಟೆ. 20ನೆಯ ಶತಮಾನದ ಹಿರಿಯ ಧರ್ಮಶಾಸ್ತ್ರಜ್ಞ ಕಾರ್ಲ್ ಬಾರ್ತ್ ಈ ಚಿತ್ರದ ಒಂದು ಪ್ರತಿಯನ್ನು ತನ್ನ ಬರೆಯುವ ಮೇಜಿನ ಮೇಲ್ಗಡೆ ತೂಗುಹಾಕಿಕೊಂಡಿದ್ದ. ದೇವರ ಬಗ್ಗೆ ಸಾವಿರಾರು ಪುಟ ಬರೆದವನಿಗೆ ಕಣ್ಣೆತ್ತಿದಾಗಲೆಲ್ಲ ಕಾಣಬೇಕೆನಿಸಿದ್ದು ಈ ಬೆರಳು. ಎಡಗಡೆಯಲ್ಲಿ ಬಿಳಿಯ ಬಟ್ಟೆಯ ಮರಿಯಳು, ಯೇಸುವಿನ ತಾಯಿ, ಪ್ರಜ್ಞೆ ತಪ್ಪಿ ಅವನ ಶಿಷ್ಯನ ತೋಳಿಗೆ ಕುಸಿಯುತ್ತಿದ್ದಾಳೆ. ಅವರ ಕಾಲ ಬಳಿ ಮಗ್ದಲದ ಮರಿಯ ಮೊಣಕಾಲೂರಿ ಕೈ ಹೊಸೆಯುತ್ತಿದ್ದಾಳೆ. ಅವಳ ಬೆರಳುಗಳಲ್ಲೂ ಶಿಲುಬೆಯ ಮೇಲಿನ ಬೆರಳುಗಳದೇ ಸಂಕಟ. ಪಕ್ಕದಲ್ಲಿ ತೈಲದ ಭರಣಿ.

ಈ ಫಲಕ ಬಾಗಿಲುಗಳ ಹಾಗೆ ತೆರೆಯುತ್ತಿತ್ತು. ಶಿಲುಬೆಯ ದೃಶ್ಯ ಎರಡು ಕದಗಳ ಮೇಲಿದೆ. ಕದ ಕೂಡುವ ಗೆರೆ ದೇಹದ ನಡುವೆ ಬರದಂತೆ ಚಿತ್ರಕಾರ ಯೇಸುವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದ್ದಾನೆ. ಅದರಿಂದಾಗಿ ಕದ ತೆರೆದಾಗ ಒಂದು ತೋಳು ದೇಹದಿಂದ ಕಳಚಿ ದೂರ ಹೋಗುತ್ತದೆ. ಕೆಳಗಿನ ಪಟ್ಟಿಯಲ್ಲಿ ಯೇಸುವಿನ ಹೆಣವನ್ನು ಮಲಗಿಸಿದ್ದಾರೆ. ಅದರ ಕದಗಳು ಸರಿದಾಗ ಕಾಲುಗಳು ಮೊಣಕಾಲಿನ ಹತ್ತಿರ ಬೇರೆಯಾಗುತ್ತವೆ. ಕೈಕಾಲು ಕತ್ತರಿಸಿ ಜೀವ ಉಳಿಸುತ್ತಿದ್ದ ಆಸ್ಪತ್ರೆಯಲ್ಲಿ, ಕೈಕಾಲು ಕಳೆದುಕೊಂಡವರ ಕಣ್ಣೆದುರಿಗೆ. ಚಿತ್ರಕಾರ ಇದನ್ನು ಬೇಕೆಂದೇ ಮಾಡಿದನೆಂದು ಕೆಲವು ಪಂಡಿತರ ಮತ. ನನ್ನ ಮನಸ್ಸೂ ಅದನ್ನೇ ಒಪ್ಪುತ್ತದೆ. ಒಂದೊಂದು ಮುಳ್ಳನ್ನೂ ಎಣಿಸಿ ಬರೆದವನಿಗೆ ಈ ಗೆರೆ ಕಾಣಲಿಲ್ಲ ಎನ್ನುವುದು ಹೇಗೆ?

ಕದ ಸರಿದಾಗ ಒಳಗಿನಿಂದ ಹೊಮ್ಮುವ ಬಣ್ಣಕ್ಕೆ ಕಣ್ಣು ಕೋರೈಸುತ್ತದೆ. ದೇವದೂತರ ವಾದ್ಯಮೇಳವಿದೆ, ಹಸುಗೂಸನ್ನು ಎತ್ತಿಕೊಂಡ ತಾಯಿಯಿದ್ದಾಳೆ. ಕೂಸಿನ ಪಕ್ಕದಲ್ಲಿ ಮರದ ತೊಟ್ಟಿ, ಹಾಸಿಗೆ, ಉಚ್ಚೆಯ ಪಾತ್ರೆ. ಹಾಸಿಗೆ ಹಿಡಿದವರಿಗೆ ದಿನವೂ ಬೇಕಾಗುವ ಸಾಮಾನುಗಳನ್ನು ಆತ ಸ್ವರ್ಗದ ಬೆಳಕಿನಲ್ಲಿ ಇಟ್ಟುಬಿಟ್ಟಿದ್ದಾನೆ. ಕೂಸಿಗೆ ಸುತ್ತಿದ ಬಟ್ಟೆಯೋ ಹರಕು. ಶಿಲುಬೆಯ ಮೇಲೆ ಸೊಂಟಕ್ಕೆ ಸುತ್ತಿದ್ದೂ ಅಂಥದೇ ಹರಕು.

ಬಲಗಡೆಯದು ಪುನರುತ್ಥಾನ. ನಕ್ಷತ್ರಗಳಿರುವ ರಾತ್ರಿಯಲ್ಲಿ ಸಮಾಧಿಯಿಂದ ಮೇಲೆದ್ದವನ ಹಿಂದೆ ದೊಡ್ಡದೊಂದು ಬೆಳಕಿನ ಗೋಳ. ನಡುವೆ ಹಳದಿ, ಅಲ್ಲಿಂದ ಕಿತ್ತಳೆ, ಕೆಂಪು, ಅಂಚಿನಲ್ಲಿ ರಾತ್ರಿಯ ಹಸುರು ನೀಲಿ. ಹೆಣಕ್ಕೆ ಹೊದಿಸಿದ್ದ ಬಟ್ಟೆ ಅವನ ಜೊತೆಯಲ್ಲೇ ಏರುತ್ತ ತಣ್ಣನೆಯ ಬಿಳಿಯಿಂದ ನೇರಳೆಗೆ, ನೇರಳೆಯಿಂದ ಕೆಂಪಿಗೆ, ಕೊನೆಗೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಮುಖದ ಗೆರೆಗಳು ಬೆಳಕಿನಲ್ಲಿ ಕರಗಿವೆ. ಎಲ್ಲಿ ಮುಖ ಮುಗಿದು ಬೆಳಕು ಶುರುವಾಯಿತೆಂದು ಹೇಳಲಾಗುವುದಿಲ್ಲ. ಮೈಯ ಹುಣ್ಣುಗಳೆಲ್ಲ ಹೋಗಿವೆ. ಆದರೆ ಎತ್ತಿದ ಅಂಗೈಗಳಲ್ಲಿ ಮೊಳೆಯ ಗಾಯ ಹಾಗೆಯೇ ಇದೆ, ಅದರಿಂದಲೂ ಬೆಳಕು ಸೂಸುತ್ತಿದೆ. ಸಾವಿಗೆ ಹೆದರಿದವನಿಗೆ ಇದಕ್ಕಿಂತ ದೊಡ್ಡ ಧೈರ್ಯ ಹೇಳಿದ ಬಣ್ಣಗಳನ್ನು ನಾನು ಕಾಣೆ. ‘ಏನೂ ಆಗಿಲ್ಲ’ ಎಂದು ಇದು ಸಂತೈಸುವುದಿಲ್ಲ. ಆದದ್ದೆಲ್ಲ ಆಗಿದೆ, ಅದರ ಗುರುತೂ ಉಳಿದಿದೆ, ಉಳಿದೂ ಬೆಳಗುತ್ತಿದೆ.

ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1917ರಲ್ಲಿ, ಈ ಫಲಕವನ್ನು ಕಾಪಾಡಲೆಂದು ಮ್ಯೂನಿಕ್‌ಗೆ ಸಾಗಿಸಿದರು. ಆಗ ಕೊಲ್ಮಾರ್ ಜರ್ಮನಿಯ ವಶದಲ್ಲಿತ್ತು. ಯುದ್ಧ ಮುಗಿದ ಹೊತ್ತಿನಲ್ಲಿ ಮ್ಯೂನಿಕ್‌ನ ಚಿತ್ರಶಾಲೆಯಲ್ಲಿ ಇದನ್ನು ತೆರೆದಿಟ್ಟಾಗ ಸೋತ ದೇಶದ ಜನ ತಂಡತಂಡವಾಗಿ ಬಂದರು. ಅವರಲ್ಲಿ ಮಕ್ಕಳನ್ನು ಕಳೆದುಕೊಂಡವರೂ ಅಂಗಹೀನರಾದ ಸೈನಿಕರೂ ಎಷ್ಟು ಮಂದಿಯಿದ್ದರೋ. ನಾಲ್ಕು ಶತಮಾನದ ಹಿಂದೆ ಹಳ್ಳಿಯ ಆಸ್ಪತ್ರೆಯೊಂದಕ್ಕೆ ಬರೆದ ಚಿತ್ರ ಅವರಿಗೂ ಸಂದಿತು. 1919ರಲ್ಲಿ ಅದು ಕೊಲ್ಮಾರಿಗೆ ಮರಳಿತು.

ಎಲ್ಲಕ್ಕಿಂತ ಒಳಗಿನ ಕದಗಳ ನಡುವೆ ಮರದ ಮೂರ್ತಿಗಳಿವೆ, ಅಂತೋಣಿ ಸಿಂಹಾಸನದಲ್ಲಿ ಕುಳಿತಿದ್ದಾನೆ. ಆದರೆ ಮನಸ್ಸು ನಿಲ್ಲುವುದು ಬಲಗಡೆಯ ಕದದ ಚಿತ್ರದಲ್ಲಿ. ಕೋಡು, ಕೊಕ್ಕು, ಕೋರೆಹಲ್ಲಿನ ಪಿಶಾಚಿಗಳು ಮುದುಕ ಅಂತೋಣಿಯನ್ನು ನೆಲಕ್ಕೆ ಕೆಡವಿ ಕೂದಲು ಹಿಡಿದೆಳೆಯುತ್ತಿವೆ. ಎಡಗಡೆಯ ಮೂಲೆಯಲ್ಲಿ, ಯಾರ ಗಮನವೂ ಇಲ್ಲದೆ, ಒಬ್ಬ ಒರಗಿ ಬಿದ್ದಿದ್ದಾನೆ: ಊದಿದ ಹೊಟ್ಟೆ, ಮೈತುಂಬ ಕೀವು ತುಂಬಿದ ಬೊಕ್ಕೆ, ಹಿಂದಕ್ಕೆ ಬಿದ್ದ ತಲೆ. ಅವನು ಪಿಶಾಚಿಯೋ, ಆಸ್ಪತ್ರೆಗೆ ಬಂದ ರೋಗಿಯೋ? ಎರಡೂ ಹೌದೆನ್ನಿಸುವ ಹಾಗೆ ಬರೆದಿದ್ದಾನೆ. ದೇವರು ಎಲ್ಲೋ ದೂರದ ಆಕಾಶದಲ್ಲಿ, ಚಿನ್ನದ ಬೆಳಕಿನ ನಡುವೆ, ಹುಡುಕಿದರೆ ಕಾಣುವಷ್ಟು ಚಿಕ್ಕವನಾಗಿ ಇದ್ದಾನೆ.

ಬಲಮೂಲೆಯಲ್ಲಿ ಒಂದು ಕಾಗದದ ಚೀಟಿ ಬಿದ್ದಿದೆ. ಅದರ ಮೇಲೆ ಲ್ಯಾಟಿನ್ನಿನಲ್ಲಿ ಅಂತೋಣಿಯ ದೂರು. ಯೇಸು ಅಷ್ಟು ಹೊತ್ತು ಎಲ್ಲಿದ್ದ, ತನ್ನ ಗಾಯ ವಾಸಿಮಾಡಲು ಯಾಕೆ ಬರಲಿಲ್ಲ ಎಂದು ಆತ ಕೇಳುತ್ತಿದ್ದಾನೆ. ನಿಂದಾಸ್ತುತಿ ಕೇಳುತ್ತ ಬೆಳೆದ ನಮಗೆ ದೇವರನ್ನು ಹೀಗೆ ದಬಾಯಿಸುವುದು ಹೊಸತಲ್ಲ. ಹಳೆಯ ಸಂತಕಥೆಯಲ್ಲಿ ಈ ದೂರಿಗೆ ಉತ್ತರವೂ ಇದೆ: ತಾನು ಅಲ್ಲೇ ಇದ್ದೆ, ಅಂತೋಣಿ ಹೋರಾಡುವುದನ್ನು ನೋಡುತ್ತಿದ್ದೆ ಎಂದು ಯೇಸು ಹೇಳುತ್ತಾನೆ. ಗ್ರೂನೆವಾಲ್ಡ್ ಆ ಉತ್ತರವನ್ನು ಬರೆಯಲಿಲ್ಲ. ಚೀಟಿಯಲ್ಲಿ ಪ್ರಶ್ನೆ ಮಾತ್ರ ಇದೆ. ಈ ಇಡೀ ಕೃತಿಯಲ್ಲಿ ನನ್ನ ಗೌರವ ಅತಿ ಹೆಚ್ಚು ಸಲ್ಲುವುದು ಈ ಬರೆಯದೆ ಬಿಟ್ಟ ಸಾಲಿಗೆ. ಹಿಂದಿನ ಕರ್ಮ ಎನ್ನುವವರು, ಪರೀಕ್ಷೆ ಎನ್ನುವವರು, ಒಳ್ಳೆಯದಕ್ಕೇ ಆಯಿತು ಎನ್ನುವವರು ಸಂಕಟದಲ್ಲಿರುವವನ ಸುತ್ತ ಯಾವಾಗಲೂ ಇರುತ್ತಾರೆ. ಅವರ ವಿವರಣೆ ಮುಗಿಯುವ ಹೊತ್ತಿಗೆ ಅವನು ಮೊದಲಿಗಿಂತ ಒಂಟಿಯಾಗಿರುತ್ತಾನೆ. ಇಲ್ಲಿ ಬಲಿಪೀಠದ ಮೇಲೆಯೇ, ಪೂಜೆಯ ಜಾಗದಲ್ಲಿಯೇ, ರೋಗಿಯ ಪರವಾಗಿ ಒಂದು ಆಪಾದನೆ ಸಹಿ ಬಿದ್ದ ಹಾಗೆ ಇದೆ. ಸನ್ಯಾಸಿಗಳು ಅದನ್ನು ಅಳಿಸಲಿಲ್ಲ. ಅದರ ಮುಂದೆಯೇ ಜಪಮಾಡಿದರು.

ಎದುರಿನ ಕದದಲ್ಲಿ ಇದೇ ಅಂತೋಣಿ ಪೌಲನೆಂಬ ಇನ್ನೊಬ್ಬ ಮುದಿ ತಪಸ್ವಿಯ ಜೊತೆ ಮಾತಿಗೆ ಕುಳಿತಿದ್ದಾನೆ. ಕಾಗೆಯೊಂದು ಇಬ್ಬರಿಗೂ ಆಗುವಷ್ಟು ರೊಟ್ಟಿ ತರುತ್ತಿದೆ. ಅವರ ಕಾಲ ಬಳಿ ಗಿಡಮೂಲಿಕೆಗಳು, ಸಸ್ಯಶಾಸ್ತ್ರಜ್ಞರು ಹೆಸರು ಹಿಡಿದು ಗುರುತಿಸುವಷ್ಟು ನಿಖರವಾಗಿ ಬೆಳೆದಿವೆ. ಮಠದವರು ಅಂಥ ಮೂಲಿಕೆಗಳನ್ನು ಹಂದಿಯ ಕೊಬ್ಬಿನಲ್ಲಿ ಬೆರೆಸಿ ಮುಲಾಮು ಮಾಡಿ ಹುಣ್ಣುಗಳಿಗೆ ಹಚ್ಚುತ್ತಿದ್ದರು, ಬಂದವರಿಗೆ ಗೋದಿಯ ಒಳ್ಳೆಯ ರೊಟ್ಟಿ ಕೊಡುತ್ತಿದ್ದರು. ಕೆಟ್ಟ ರೈ ಬಿಟ್ಟು ಆ ರೊಟ್ಟಿ ತಿಂದದ್ದರಿಂದಲೇ, ಯಾಕೆಂದು ಯಾರಿಗೂ ತಿಳಿಯದೆ, ಎಷ್ಟೋ ಜನರಿಗೆ ಬೆಂಕಿ ಆರಿತು.