ಹರಳಯ್ಯನ ಚಮ್ಮಾವುಗೆಗೆ ಯಾವ ಬಣ್ಣ?

ಕಲ್ಯಾಣದ ಕತೆಯನ್ನು ರಂಗದ ಮೇಲೆ ತರುವವರನ್ನೆಲ್ಲ ನಾವು ಒಂದು ಪ್ರಶ್ನೆ ಕೇಳಬೇಕಾಗಿದೆ. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಹೊಲಿದು ಬಸವಣ್ಣನ ಮುಂದಿಟ್ಟ ಚಮ್ಮಾವುಗೆಗಳಿಗೆ ಯಾವ ಬಣ್ಣವಿತ್ತು?

ಬೆಳಗೊಳದಿಂದ ಹಿಡಿದು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರೆಗೆ ನಮ್ಮ ಸೀಮೆಯ ನಾಟಕದವರ ಹತ್ತಿರ ಇದಕ್ಕೆ ಸಿದ್ಧ ಉತ್ತರವಿದೆ: ಚಿನ್ನದ ಬಣ್ಣ. ಡ್ರಾಮಾ ಸೀನರಿಯವರ ಪೆಟ್ಟಿಗೆಯಲ್ಲಿ ಇರುವುದೇ ಅದು. ಕುರುಕ್ಷೇತ್ರದ ದುರ್ಯೋಧನ ಮೆಟ್ಟಿದ ಜೋಡನ್ನೇ ಮರುವಾರ ಟಿಪ್ಪು ಮೆಟ್ಟುತ್ತಾನೆ, ಅದರ ಮರುವಾರ ಬಿಜ್ಜಳ ಮೆಟ್ಟುತ್ತಾನೆ. ರಾಜರ ಪಾಡು ಏನಾದರೂ ಆಗಲಿ, ನಮ್ಮ ತಕರಾರಿಲ್ಲ. ಆದರೆ ಹರಳಯ್ಯನ ಕೈಗೂ ಅದೇ ಹೊಳೆಯುವ ಜೋಡು ಕೊಟ್ಟಾಗ ನಾವು ಸುಮ್ಮನಿರಲಾಗದು.

ಬೆಳಗೊಳದ ಹತ್ತಿರದ ಒಂದೂರಿನಲ್ಲಿ ಅಂಥ ನಾಟಕ ನೋಡಿದೆವು. ಪೇಟೆಯಿಂದ ತಂದ ಜೋಡಿಗೆ ಚಿನ್ನದ ಪೇಂಟು ಬಳಿದಿದ್ದರು. ಬಸವಣ್ಣನ ಪಾತ್ರಧಾರಿ ಅದನ್ನು ತಲೆಯ ಮೇಲೆ ಹೊತ್ತಾಗ ಬೆಳಕು ಬಿತ್ತು, ಶಂಖ ಮೊಳಗಿತು, ಮುಂದಿನ ಸಾಲಿನವರು ಕೈಮುಗಿದರು. ಹಿಂದೆ ನಿಂತಿದ್ದ ಕೇರಿಯ ಒಬ್ಬಾತ ಮಾತ್ರ ಗೊಣಗಿದ: "ತೊಡೆ ತೊಗಲು ಇಷ್ಟೊಂದು ಹೊಳೀತದಾ?"

ಇದು ಅಣಕವಲ್ಲ, ವಿಮರ್ಶೆ. ಆ ನಾಟಕದ ಬಗ್ಗೆ ಬಂದ ಎಲ್ಲ ಮೆಚ್ಚುಗೆಯ ಮಾತಿಗಿಂತ ಇದು ದೊಡ್ಡದು. ಚಿನ್ನ ಬಳಿದ ಕೂಡಲೇ ಗಾಯ ಪವಾಡವಾಗುತ್ತದೆ, ಕಸುಬುಗಾರ ಭಕ್ತನಾಗುತ್ತಾನೆ. ಭಕ್ತನಿಗೆ ಕೂಲಿ ಕೊಡಬೇಕಾಗಿಲ್ಲ, ಅವನ ಮಗನಿಗೆ ಹೆಣ್ಣು ಕೊಡಬೇಕಾಗಿಲ್ಲ, ಕೈಮುಗಿದರೆ ಸಾಕು. ಹರಳಯ್ಯನನ್ನು ಕೊಂದದ್ದು ಜೋಡು ಮಾಡಿದ್ದಕ್ಕಲ್ಲ, ಬ್ರಾಹ್ಮಣ ಮೂಲದ ಮಧುವರಸನ ಮನೆಯೊಡನೆ ನೆಂಟಸ್ತನ ಬೆಳೆಸಿದ್ದಕ್ಕೆ. ಪೇಂಟು ಈ ಮಾತನ್ನು ಮುಚ್ಚಿಹಾಕುತ್ತದೆ. ಗಿರೀಶ ಕಾರ್ನಾಡರ 'ತಲೆದಂಡ' (1990) ಹರಳಯ್ಯನ ಮನೆಯ ಮದುವೆಯನ್ನು ಕತೆಯ ನಡುವೆಯೇ ಇಟ್ಟಿದೆ. ಅಂಥ ನಾಟಕವನ್ನು ಆಡುವವರೂ ಪಾದರಕ್ಷೆಯ ಹತ್ತಿರ ಬಂದಾಗ ಪೇಂಟಿನ ಡಬ್ಬಿಗೆ ಕೈಹಾಕಿದರೆ, ಬರೆದದ್ದನ್ನು ಬಣ್ಣ ಅಳಿಸಿದಂತೆ.

ಬೈಯುವುದು ಸುಲಭ, ನಾವೇ ಮಾಡಿ ನೋಡೋಣ ಅಂದುಕೊಂಡೆವು. ಪೇಟೆಯ ಒಂದು ಜೊತೆ ಜೋಡು ತಂದು ಕಪ್ಪು ಹಿಡಿಸಲು ಹೊರಟೆವು. ತುಕ್ಕು ಹಿಡಿದ ಮೊಳೆ, ಲಾಳದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಕೆಲವು ದಿನ ಇಟ್ಟು, ಆ ನೀರನ್ನು ಬಟ್ಟೆಯಲ್ಲಿ ಅದ್ದಿ ಸವರಿದೆವು. ಏನೂ ಆಗಲಿಲ್ಲ. ಹಿಂದೆ ಈ ಕಸುಬು ಮಾಡುತ್ತಿದ್ದ ಕೇರಿಯ ಅಜ್ಜನೊಬ್ಬನಿಗೆ ತೋರಿಸಿದರೆ ಬಾಯ್ತುಂಬ ನಕ್ಕ. "ಬಣ್ಣ ಬಳಿಯೋದಲ್ಲ ಕಣಪ್ಪ, ಕುಡಿಸೋದು. ಈ ತೊಗಲು ಚಕ್ಕೆ ನೀರೇ ಕುಡುದಿಲ್ಲ, ಕಬ್ಬಿಣದ ನೀರ ಎಲ್ಲಿ ಕುಡಿದಾತು?"

ಅಜ್ಜನ ಮಾತಿನಲ್ಲಿ ಇಡೀ ರಸಾಯನಶಾಸ್ತ್ರವೇ ಇತ್ತು. ಹಳೇ ಕಾಲದ ಹದವೆಂದರೆ ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕೆರೆದು, ತಂಗಡಿ ಚಕ್ಕೆಯ ನೀರಿನಲ್ಲಿ ವಾರಗಟ್ಟಲೆ ಇಡುವುದು. ಚಕ್ಕೆಯ ಒಗರು ತೊಗಲಿಗೆ ಇಳಿಯುತ್ತದೆ. ಆ ಒಗರಿಗೆ ಕಬ್ಬಿಣ ತಾಗಿದರೇನೇ ಕಪ್ಪು. ಈಗ ಪೇಟೆಗೆ ಬರುವ ಹೆಚ್ಚಿನ ಜೋಡುಗಳದ್ದು ಕ್ರೋಮ್ ಹದ. ಅದರಲ್ಲಿ ಆ ಒಗರಿಲ್ಲ, ಮೇಲೆ ಕಾರ್ಖಾನೆಯ ಮೆರುಗು ಬೇರೆ. ಕ್ರೋಮ್ ಹದ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ರಾಸಾಯನಿಕ ಬಣ್ಣಗಳ ಯುಗ ಶುರುವಾದದ್ದು 1856ರಲ್ಲಿ. ತಂಗಡಿಯ ಹದವೋ, ಟಿಪ್ಪು ಸತ್ತ ಮರುವರ್ಷ 1800ರಲ್ಲಿ ಈ ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟ ಮಾದಿಗರ ಕಸುಬಿನಲ್ಲೂ ಇದೆ. ಐತಿಹಾಸಿಕ ನಾಟಕ ಮಾಡುವವರು ರಾಜರ ವಂಶಾವಳಿ ಓದುತ್ತಾರೆ, ಇದನ್ನು ಓದುವುದಿಲ್ಲ.

ಇಲ್ಲಿಗೆ ನಾವು ಗೆದ್ದೆವು ಅಂದುಕೊಂಡಿದ್ದೆವು. ಅಜ್ಜನ ಮೊಮ್ಮಗನನ್ನು ಕೇಳಿದೆವು: ಒಂದು ಹಸಿ ತೊಗಲು ತಂದು, ತಾತನ ಹತ್ತಿರ ಕೇಳಿಕೊಂಡು, ನಮ್ಮ ನಾಟಕಕ್ಕೆ ನಿಜವಾದ ಚಮ್ಮಾವುಗೆ ಮಾಡಿಕೊಡ್ತೀಯಾ? ಓದಿದ ಹುಡುಗ. ಕುಳಿತಲ್ಲಿಂದ ಎದ್ದು ನಿಂತ. "ಆ ವಾಸ್ನೆ ಬುಟ್ಟು ಆಚೆ ಬರೋಕೆ ನಮ್ಮನೇಲಿ ಎರಡು ತಲೆಮಾರು ಬೇಕಾಯ್ತು ಮೇಷ್ಟ್ರೆ. ನಿಮ್ ನಾಟಕ ನಿಜ ಆಗ್ಲಿ ಅಂತ ನನ್ನ ತಿರುಗ ತೊಟ್ಟಿಗೆ ಇಳಿಸ್ತೀರಾ?"

ನಮ್ಮಲ್ಲಿ ಉತ್ತರವಿರಲಿಲ್ಲ. 1927ರ ಮಹಾಡದಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ಬಿಡಿ, ತಲೆಯೆತ್ತಿ ಬಾಳಿ ಎಂದರು. ಅದನ್ನು ಭಾಷಣದಲ್ಲಿ ಹೇಳುವ ನಾವೇ, ಕಲೆಯ ಹೆಸರಿನಲ್ಲಿ ಹುಡುಗನೊಬ್ಬನಿಗೆ ಅಪ್ಪಂದಿರ ತೊಟ್ಟಿ ತೋರಿಸಿದ್ದೆವು. ಚಿನ್ನ ಬಳಿಯುವವರು ಕಸುಬನ್ನು ಮರೆಸುತ್ತಾರೆ. ನಾವು ಕಸುಬನ್ನು ಕೊಂಡಾಡುತ್ತಾ ಕಸುಬಿನವನನ್ನು ಅಲ್ಲಿಯೇ ಕಟ್ಟಿಹಾಕಲು ಹೊರಟಿದ್ದೆವು. ಎರಡೂ ಒಂದೇ ಮರದ ಕೊಂಬೆಗಳು.

ಈ ಮರ ಹಳೆಯದು. ಬೇಲೂರಿನ ಚೆನ್ನಕೇಶವನಿಗೆ ಪಾದರಕ್ಷೆ ಮಾಡಿಕೊಡುವ ಭಾರ ಚನ್ನಗಿರಿ, ಬಸವಾಪಟ್ಟಣದ ಚರ್ಮ ಕೆಲಸದವರ ಮೇಲಿತ್ತೆಂದೂ ಅದನ್ನು ಒಪ್ಪಿಸಲು ಅವರಿಗೆ ಗುಡಿಯ ಅಂಗಳದವರೆಗೆ ಬಿಡುತ್ತಿದ್ದರೆಂದೂ ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಜೋಡು ಒಳಗೆ, ಮಾಡಿದವನು ಅಂಗಳಕ್ಕೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿ ಮೆಟ್ಟಿನಂಥವನ್ನೇ ಇಟ್ಟಿತು. 2019ರಲ್ಲಿ ಭೌಗೋಳಿಕ ಗುರುತು ಪಡೆದ, ನಮ್ಮ ಬೆಳಗಾವಿ ಸೀಮೆಯವರೂ ಮಾಡುವ ಮೆಟ್ಟು ಅದು. ಮೂಲ ಯಾರದೆಂದು ಕಂಪನಿ ಒಪ್ಪಿದ್ದು ಗದ್ದಲವಾದ ಮೇಲೆ. ಅಂಗಳ ಬದಲಾಗಿದೆ, ಅಷ್ಟೆ.

ಕೊನೆಗೆ ನಾವು ಹೀಗೆ ಮಾಡಿದೆವು. ಅಥಣಿ ಕಡೆಯಿಂದ ಬಂದ, ಚಕ್ಕೆಯ ಹದದ, ಬಣ್ಣ ಕಾಣದ ಒಂದು ಜೊತೆ ಮೆಟ್ಟನ್ನು ಹೇಳಿದ ಬೆಲೆಗೆ ಕೊಂಡೆವು. ಅಜ್ಜನಿಗೆ ಗುರುವಿನ ಸಂಬಳ ಕೊಟ್ಟು ಜಗಲಿಯ ಮೇಲೆ ಕುರ್ಚಿ ಹಾಕಿದೆವು. ಕಬ್ಬಿಣದ ನೀರಿಗೆ ಕೈ ಹಾಕಿದವರು ಬಸವಣ್ಣ, ಬಿಜ್ಜಳ, ಮಧುವರಸರ ಪಾತ್ರದವರು. ಸವರಿದ ಗಳಿಗೆಯಲ್ಲಿ ಕಂದು ತೊಗಲು ಬೂದಿಯಾಗಿ, ನೋಡನೋಡುತ್ತ ಕಪ್ಪಾಯಿತು. ಬೆರಳುಗಳೂ ಕಪ್ಪಾದವು. ಸೋಪಿಗೆ ಹೋಗಲಿಲ್ಲ, ಸೀಗೆಪುಡಿಗೆ ಹೋಗಲಿಲ್ಲ. ಆ ವಾರ ನಮ್ಮ ಮೇಷ್ಟ್ರು ಹಾಗೆಯೇ ಪಾಠ ಮಾಡಿದರು. "ಕೈಗೆ ಏನಾಗಿದೆ ಸಾರ್?" ಎಂದು ಮಕ್ಕಳು ಕೇಳಿದರು. ಹನ್ನೆರಡನೆಯ ಶತಮಾನದ ಪಾಠ ಅಲ್ಲಿಂದ ಶುರುವಾಯಿತು.

ಹರಳಯ್ಯನ ಚಮ್ಮಾವುಗೆಗೆ ನಿಜವಾಗಿ ಕಪ್ಪೇ ಬಣ್ಣವಿತ್ತೆಂದು ನಾವು ವಾದಿಸುವುದಿಲ್ಲ. ಹಳ್ಳಿಯ ಉಪಾಧ್ಯಾಯ ಗೆಳೆಯರಲ್ಲಿ ಕೇಳಿಕೊಳ್ಳುವುದು ಇಷ್ಟೇ: ನಾಟಕ ಆಡಿಸಿ. ಆದರೆ ಜೋಡಿಗೆ ಬಣ್ಣ ಹಿಡಿಸುವ ಕೆಲಸವನ್ನು ಕೇರಿಗೆ ಕಳಿಸಬೇಡಿ, ಪೇಂಟಿನ ಡಬ್ಬಿಗೂ ಬಿಡಬೇಡಿ. ಅದನ್ನು ತಲೆಯ ಮೇಲೆ ಹೊರುವವನ ಕೈಗೇ ಕೊಡಿ.

ನಾಟಕದ ದಿನ ಆ ಹುಡುಗ ಬಂದಿದ್ದ. ಹಿಂದೆ ನಿಲ್ಲಲಿಲ್ಲ, ಮುಂದಿನ ಸಾಲಿನಲ್ಲಿ ಕೂತಿದ್ದ.